ತಜ್ಞರ ಉತ್ತರ: ಸಲಹೆ ಸರಿಯಾಗೇ ಇತ್ತು, ಪೇಷಂಟ್‌ಗೆ ಬೈದ ಹಾಗೆ ಯಾಕೆ ಕೇಳಿಸಿತು?

ಓದುಗರ ಪ್ರಶ್ನೆ: ಮೇಡಂ, ನಾನು ಬಿಡಿಎಸ್ ಮುಗಿಸಿ ಎರಡು ವರ್ಷ ಆಯಿತು. ಊರು ದಾವಣಗೆರೆ ಹತ್ತಿರ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಈಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ. ಫಿಲ್ಲಿಂಗ್, ರೂಟ್ ಕೆನಾಲ್ ಮಾಡೋದಕ್ಕೆ ಭಯ ಇಲ್ಲ. ಸಲಹೆ ಹೇಳುವಾಗಲೇ ಎಡವಟ್ಟಾಗುತ್ತಿದೆ. ಹೋದ ವಾರ ಒಬ್ಬರು ಒಸಡಲ್ಲಿ ರಕ್ತ ಬರುತ್ತೆ ಅಂತ ಬಂದಿದ್ದರು. ‘ಯು ಆರ್ ನಾಟ್ ಬ್ರಶಿಂಗ್ ಪ್ರಾಪರ್ಲಿ. ಯು ಮಸ್ಟ್ ಡೂ ಸ್ಕೇಲಿಂಗ್. ಅದರ್‌ವೈಸ್ ಯುವರ್ ಟೀತ್ ವಿಲ್ ಫಾಲ್’ ಅಂದೆ (ಸ್ಕೇಲಿಂಗ್ ಅಂದರೆ ಹಲ್ಲು ಕ್ಲೀನ್ ಮಾಡುವುದು). ಅವರ ಮುಖ ಕೆಂಪಾಯಿತು. ‘ಆರ್ ಯು ಸ್ಕೋಲ್ಡಿಂಗ್ ಮಿ?’ ಅಂತ ಕೇಳಿ ಎದ್ದು ಹೋದರು. ಇದೇ ಮಾತನ್ನು ನಮ್ಮೂರಲ್ಲಿ ಕನ್ನಡದಲ್ಲಿ ಹೇಳಿದರೆ ‘ಆಯ್ತಮ್ಮ, ಮಾಡ್ಸೋಣ’ ಅಂತಾರೆ. ನನ್ನ ಗ್ರಾಮರ್ ಸರಿ ಇಲ್ವಾ? ಉಚ್ಚಾರಕ್ಕೆ ಕ್ಲಾಸಿಗೆ ಸೇರಬೇಕಾ? ಸಲಹೆಯ ವಾಕ್ಯಗಳನ್ನು ಬಾಯಿಪಾಠ ಮಾಡಿದರೆ ಸಾಕಾ? ಮಾತಿನ ಮಧ್ಯೆ ಪದ ಮರೆತರೆ ಏನು ಮಾಡಲಿ? ಮುಂದೆ ಹೊರದೇಶಕ್ಕೆ ಹೋಗಲು ಒಇಟಿ, ಅಂದರೆ ಡಾಕ್ಟರ್, ನರ್ಸ್‌ಗಳಂಥವರಿಗೆ ಇರುವ ಇಂಗ್ಲಿಷ್ ಪರೀಕ್ಷೆ ಬರೆಯುವ ಆಸೆಯೂ ಇದೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೇಳಿದ ವಿಷಯ ಸರಿ, ಮನಸ್ಸಲ್ಲಿ ಇದ್ದದ್ದು ಒಳ್ಳೆಯದೇ, ಆದರೂ ಎದುರಿನವರಿಗೆ ಬೈದ ಹಾಗೆ ಕೇಳಿಸಿತು. ಕನ್ನಡದಲ್ಲಿ ಹೀಗಾಗುವುದಿಲ್ಲ, ಹಾಗಾಗಿ ತಪ್ಪು ನನ್ನ ಇಂಗ್ಲಿಷ್‌ನಲ್ಲೇ ಇರಬೇಕು ಅನ್ನುವುದು ನಿಮ್ಮ ಚಿಂತೆ. ನಾನೂ ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಒಸಡಿನ ಡಾಕ್ಟರ್ ಆಗಿ ಬೆಂಗಳೂರಿನಲ್ಲಿ 22 ವರ್ಷ ಆಯಿತು. ಈ ಚಿಂತೆಯನ್ನು ನಾನು ಅನುಭವಿಸಿದ್ದೇನೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಈಗಲೂ ನೋಡುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ಗ್ರಾಮರ್‌ನಲ್ಲಿ ತಪ್ಪಿಲ್ಲ. ಆ ಮೂರು ವಾಕ್ಯಗಳನ್ನು ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದರೆ ಪಾಸ್ ಮಾಡುತ್ತಾರೆ. ಗ್ರಾಮರ್ ಪುಸ್ತಕ ಇಟ್ಟುಕೊಂಡು ಇನ್ನೂ ಒಂದು ವರ್ಷ ಕೂತರೂ ಈ ತೊಂದರೆ ಹೋಗುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ.

ನಿಮ್ಮೂರಿನ ಹಿರಿಯರೊಬ್ಬರು ಇದೇ ರಕ್ತದ ತೊಂದರೆಗೆ ಬಂದರು ಅಂದುಕೊಳ್ಳಿ. ನೀವು ಏನನ್ನುತ್ತೀರಿ? ‘ಅಜ್ಜಾರೇ, ಬ್ರಶ್ ಸರಿಯಾಗಿ ಆಗ್ತಿಲ್ಲ ಅನ್ಸುತ್ತೆ. ಒಂದ್ಸಲ ಕ್ಲೀನಿಂಗ್ ಮಾಡಿಸ್ಕೊಂಡ್ಬಿಡ್ರಿ, ಇಲ್ಲಾಂದ್ರೆ ಮುಂದೆ ಹಲ್ಲು ಅಲ್ಲಾಡ್ಬಹುದು.’ ಅಲ್ವಾ? ಈಗ ಈ ಮಾತನ್ನು ನಿಧಾನವಾಗಿ ಬಿಡಿಸಿ ನೋಡಿ. ‘ಅಜ್ಜಾರೇ’ ಅಂತ ಕರೆದಾಗಲೇ ಗೌರವ ಬಂತು. ‘ಆಗ್ತಿಲ್ಲ’ ಅಂದಿರಿ, ‘ನೀವು ಮಾಡ್ತಿಲ್ಲ’ ಅನ್ನಲಿಲ್ಲ. ‘ಅನ್ಸುತ್ತೆ’ ಸೇರಿಸಿದಿರಿ. ‘ಒಂದ್ಸಲ’ ಅಂದಾಗ ಕೆಲಸ ಹಗುರ ಅನ್ನಿಸಿತು. ‘ಬಿಡ್ರಿ’ಯಲ್ಲಿ ಆ ‘ರಿ’ ಇದೆ. ‘ಅಲ್ಲಾಡ್ಬಹುದು’ ಅಂದಿರಿ, ‘ಬೀಳುತ್ತೆ’ ಅನ್ನಲಿಲ್ಲ. ಒಂದೇ ಉಸಿರಿನ ಮಾತಲ್ಲಿ ಆರು ಕಡೆ ಮೆತ್ತಗಿನ ದಿಂಬು ಇಟ್ಟಿದ್ದೀರಿ. ಇದನ್ನು ಯಾರೂ ನಿಮಗೆ ಕಲಿಸಿಲ್ಲ. ಮನೆಯಲ್ಲಿ ಬೆಳೆಯುತ್ತಾ ಬಂದದ್ದು.

ಇಂಗ್ಲಿಷ್‌ಗೆ ತಿರುಗಿಸುವಾಗ ನೀವು ಅರ್ಥವನ್ನು ಮಾತ್ರ ಒಯ್ದಿರಿ. ಆರು ದಿಂಬೂ ಇಲ್ಲೇ ಉಳಿದವು. ನಮ್ಮ ಭಾಷೆಯಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಮಾಡು, ಮಾಡಿ, ಮಾಡ್ರಿ. ಇಂಗ್ಲಿಷ್‌ನಲ್ಲಿ ಮೂರಕ್ಕೂ ‘ಡೂ’ ಒಂದೇ. ಮೊಮ್ಮಗನಿಗೂ ‘ಯು’, ಅಜ್ಜನಿಗೂ ‘ಯು’. ಬಾಲ ಕತ್ತರಿಸಿ ಹೋದ ಗೌರವವನ್ನು ಅವರು ವಾಕ್ಯದ ತಲೆಯಲ್ಲಿ ಇಡುತ್ತಾರೆ. ‘ಐಡ್ ಸಜೆಸ್ಟ್’, ‘ಇಟ್ ಮೈಟ್ ಹೆಲ್ಪ್ ಟು’, ‘ಕೆನ್ ಐ ಆಸ್ಕ್’ ಇವೆಲ್ಲ ಆ ತಲೆಗಳೇ. ಅವರ ಭಾಷೆಯಲ್ಲಿ ನಮ್ಮ ‘ರಿ’ ಇರುವ ಜಾಗ ಅದು. ನಾನು ಕಲಿಸುವವರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ, ಯಾಕಂದರೆ ಇದು ಗೊತ್ತಾದ ಮೇಲೆ ಉಳಿದದ್ದು ಬೇಗ ಬರುತ್ತದೆ.

ಎರಡನೇ ಕಾರಣ ನಮ್ಮ ‘ಬೇಕು’. ‘ದಿನಕ್ಕೆ ಎರಡು ಸಲ ಬ್ರಶ್ ಮಾಡಬೇಕು’, ‘ಈ ಹಲ್ಲು ಕೀಳಿಸಬೇಕು’, ‘ಸ್ವೀಟ್ ಕಡಿಮೆ ಮಾಡಬೇಕು’, ‘ನಾಳೆ ಬರಬೇಕು’. ಎಲ್ಲದಕ್ಕೂ ಒಂದೇ ಪದ. ಶಾಲೆಯಲ್ಲಿ ‘ಬೇಕು’ ಅಂದರೆ ‘ಮಸ್ಟ್’ ಅಂತ ಕಲಿತುಬಿಟ್ಟೆವು. ಅಲ್ಲಿಂದ ಶುರು. ಇಂಗ್ಲಿಷ್‌ನಲ್ಲಿ ‘ಬೇಕು’ಗೆ ನಾಲ್ಕೈದು ಪದಗಳಿವೆ, ಒಂದೊಂದರ ತೂಕ ಒಂದೊಂದು. ‘ಮಸ್ಟ್’ ತುಂಬಾ ಭಾರ. ಮಾತಾಡುವವರು ಆಜ್ಞೆ ಮಾಡುತ್ತಿದ್ದಾರೆ ಅನ್ನುವ ವಾಸನೆ ಅದಕ್ಕಿದೆ. ಸಲಹೆಗೆ ಅದನ್ನು ಹೆಚ್ಚುಕಡಿಮೆ ಬಿಟ್ಟೇಬಿಡಿ. ‘ಹ್ಯಾವ್ ಟು’ ಅಂದರೆ ಬೇರೆ ದಾರಿ ಇಲ್ಲ ಅಂತ. ‘ನೀಡ್ ಟು’ ಸ್ವಲ್ಪ ಹಗುರ. ಹಲ್ಲಿನ ಅಗತ್ಯ ಹೇಳುವಾಗ ಚೆನ್ನಾಗಿ ಹೊಂದುತ್ತದೆ: ‘ದಿಸ್ ಟೂತ್ ನೀಡ್ಸ್ ಎ ಫಿಲ್ಲಿಂಗ್.’ ಇಲ್ಲಿ ಅಗತ್ಯ ಇರುವುದು ಹಲ್ಲಿಗೆ, ಮನುಷ್ಯನ ಮೇಲೆ ಏನೂ ಹೇರಿಲ್ಲ ನೋಡಿ. ‘ಶುಡ್’ ಸಲಹೆಯ ಪದವೇ. ಆದರೆ ತಪ್ಪು ಮಾಡಿದವರಿಗೆ ಹೇಳಿದಾಗ ‘ನೀನು ಮಾಡಬೇಕಿತ್ತಲ್ಲ’ ಅನ್ನುವ ಚುಚ್ಚು ಅದರಲ್ಲಿ ಸೇರಿಕೊಳ್ಳುತ್ತದೆ. ‘ಐಡ್ ರೆಕಮೆಂಡ್’ ಡಾಕ್ಟರ್ ಬಾಯಿಗೆ ಹೇಳಿಮಾಡಿಸಿದ್ದು. ನನ್ನ ಓದು, ಅನುಭವದ ಮೇಲೆ ಹೇಳುತ್ತಿದ್ದೇನೆ, ತೀರ್ಮಾನ ನಿಮ್ಮದು ಅನ್ನುವ ಭಾವ ಅದರಲ್ಲಿದೆ. ‘ಯು ಕುಡ್ ಟ್ರೈ’ ಇನ್ನೂ ಮೆತ್ತಗೆ. ಮೃದುವಾದ ಬ್ರಶ್ ಕೊಳ್ಳುವುದು, ಎಲೆಕ್ಟ್ರಿಕ್ ಬ್ರಶ್ ಉಪಯೋಗಿಸಿ ನೋಡುವುದು, ಇಂಥದ್ದಕ್ಕೆ ಸರಿ.

ಒಂದು ಕಡೆ ಎಚ್ಚರ ಇರಲಿ. ‘ಮಾಡಿದ್ರೆ ಒಳ್ಳೇದು’ ಅನ್ನೋದಕ್ಕೆ ನಮ್ಮವರು ‘ಯು ಬೆಟರ್ ಡೂ ಇಟ್’ ಅನ್ನುತ್ತಾರೆ. ಬೆಟರ್ ಅಂದರೆ ಒಳ್ಳೇದು ಅಲ್ವಾ ಅಂತ. ಇಂಗ್ಲಿಷ್ ಕಿವಿಗೆ ಅದು ‘ಮಾಡದಿದ್ದರೆ ನೋಡು’ ಅನ್ನುವ ಬೆದರಿಕೆಯ ಹಾಗೆ ಕೇಳುತ್ತದೆ. ಮೆತ್ತಗೆ ಹೇಳಲು ಹೋಗಿ ಗದರಿದ ಹಾಗಾಗುತ್ತದೆ. ‘ಇಟ್ ವುಡ್ ಬಿ ಬೆಟರ್ ಟು’ ಅಥವಾ ‘ಇಟ್ಸ್ ಎ ಗುಡ್ ಐಡಿಯಾ ಟು’ ಅನ್ನಿ.

ಮೂರನೆಯದು ನೀವು ಗಮನಿಸಿಯೇ ಇರಲಿಕ್ಕಿಲ್ಲ. ಕನ್ನಡದಲ್ಲಿ ‘ಮಾಡು’ ಬೇರೆ, ‘ಮಾಡಿಸು’ ಬೇರೆ. ಕೀಳುವುದು ಡಾಕ್ಟರ್, ಕೀಳಿಸಿಕೊಳ್ಳುವುದು ಪೇಷಂಟ್. ಒಂದು ‘ಇಸು’ ಸೇರಿಸಿದರೆ ಕೆಲಸ ಮಾಡುವವರೇ ಬದಲಾಗುತ್ತಾರೆ. ‘ಯು ಮಸ್ಟ್ ಡೂ ಸ್ಕೇಲಿಂಗ್’ ಅಂದಾಗ ನೀವು ಆ ‘ಇಸು’ವನ್ನು ಬಿಟ್ಟಿರಿ. ಅಕ್ಷರಶಃ ಅದರ ಅರ್ಥ ‘ನೀವೇ ಸ್ಕೇಲಿಂಗ್ ಮಾಡಿ’ ಅಂತ. ‘ಯು ಹ್ಯಾವ್ ಟು ರಿಮೂವ್ ದಿಸ್ ಟೂತ್’ ಅಂದರೂ ಅದೇ ಕಥೆ. ಇಂಗ್ಲಿಷ್‌ನಲ್ಲಿ ‘ಇಸು’ವಿನ ಕೆಲಸವನ್ನು ‘ಹ್ಯಾವ್’ ಅಥವಾ ‘ಗೆಟ್’ ಮಾಡುತ್ತದೆ. ‘ಐಡ್ ರೆಕಮೆಂಡ್ ಹ್ಯಾವಿಂಗ್ ಯುವರ್ ಟೀತ್ ಕ್ಲೀನ್ಡ್.’ ‘ಇಟ್ಸ್ ಬೆಸ್ಟ್ ಟು ಹ್ಯಾವ್ ದಿಸ್ ಟೂತ್ ಟೇಕನ್ ಔಟ್.’ ನಮ್ಮ ಕೆಲಸದಲ್ಲಿ ಮಾಡಿಸುವುದೇ ಜಾಸ್ತಿ. ಹಾಗಾಗಿ ಈ ಒಂದು ಅಚ್ಚನ್ನು ಗಟ್ಟಿ ಮಾಡಿಕೊಂಡರೆ ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಣ್ಣ ಕೀಲು. ‘ಸಜೆಸ್ಟ್’ ಮತ್ತು ‘ಅವಾಯ್ಡ್’ ಆದ ಮೇಲೆ ‘ಟು’ ಬೇಡ. ‘ಐಡ್ ಸಜೆಸ್ಟ್ ಯೂಸಿಂಗ್ ಎ ಸಾಫ್ಟ್ ಬ್ರಶ್’, ‘ಟ್ರೈ ಟು ಅವಾಯ್ಡ್ ಚೂಯಿಂಗ್ ಆನ್ ದಟ್ ಸೈಡ್.’ ‘ಅಡ್ವೈಸ್’ ಕ್ರಿಯಾಪದವಾದಾಗ ಕೊನೆಯಲ್ಲಿ ಜ಼ ದನಿ, ಅದರ ಜೊತೆ ‘ಯು ಟು’ ಬರುತ್ತದೆ. ಸಲಹೆಯ ಮಟ್ಟಿಗೆ ಇಷ್ಟು ಗ್ರಾಮರ್ ಇದ್ದರೆ ನಡೆಯುತ್ತದೆ.

ಈಗ ಆ ಒಸಡಿನ ಪೇಷಂಟ್ ವಿಷಯಕ್ಕೇ ಬರೋಣ. ಇದು ದಿನಾ ನನ್ನ ಕುರ್ಚಿಯಲ್ಲಿ ನಡೆಯುವ ಮಾತು. ಅವರು ಯಾಕೆ ಸಿಟ್ಟಾದರು ಅನ್ನುವುದಕ್ಕೆ ಭಾಷೆಯ ಜೊತೆ ಇನ್ನೊಂದು ಕಾರಣವೂ ಇರಬಹುದು. ಒಸಡಲ್ಲಿ ರಕ್ತ ಬಂದರೆ ತುಂಬಾ ಜನ ಬ್ರಶ್ ಮಾಡುವುದನ್ನೇ ಕಡಿಮೆ ಮಾಡುತ್ತಾರೆ. ಗಾಯ ಆಗಿದೆ, ಮುಟ್ಟಬಾರದು ಅಂತ ಅವರ ಲೆಕ್ಕ. ಅವರ ಪ್ರಕಾರ ಅವರು ಎಚ್ಚರಿಕೆಯಿಂದಲೇ ಇದ್ದಾರೆ. ನಿಜ ಉಲ್ಟಾ. ಹಲ್ಲಿನ ಬುಡದಲ್ಲಿ ಕೂತ ಮೆತ್ತನೆಯ ಕೊಳೆ ತೆಗೆಯದೆ ಬಿಟ್ಟದ್ದರಿಂದಲೇ ಒಸಡು ಊದಿ ರಕ್ತ ಬರುತ್ತಿರುತ್ತದೆ. ಆ ಕೊಳೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ಆಮೇಲೆ ಬ್ರಶ್‌ಗೆ ಬಗ್ಗುವುದಿಲ್ಲ. ಎಚ್ಚರಿಕೆಯಿಂದ ಇದ್ದೇನೆ ಅಂದುಕೊಂಡವರಿಗೆ ‘ಯು ಆರ್ ನಾಟ್ ಬ್ರಶಿಂಗ್ ಪ್ರಾಪರ್ಲಿ’ ಅಂತ ಶುರು ಮಾಡಿದರೆ ನೋವಾಗುತ್ತದೆ.

ನಾನು ಕೇಳಿ ಶುರು ಮಾಡುತ್ತೇನೆ. ‘ಕೆನ್ ಐ ಆಸ್ಕ್ ಹೌ ಯು ಯೂಶುವಲಿ ಬ್ರಶ್?’ ಅವರು ‘ಬೆಳಿಗ್ಗೆ ಒಂದು ಸಲ, ರಕ್ತ ಬರೋ ಕಡೆ ಮುಟ್ಟಲ್ಲ’ ಅಂತ ಏನೋ ಹೇಳುತ್ತಾರೆ. ಅಲ್ಲಿ ತಿದ್ದಲು ಹೋಗುವುದಿಲ್ಲ. ‘ಎ ಲಾಟ್ ಆಫ್ ಪೀಪಲ್ ಡೂ ದಟ್ ವೆನ್ ದೇರ್ ಗಮ್ಸ್ ಬ್ಲೀಡ್’ ಅನ್ನುತ್ತೇನೆ. ತುಂಬಾ ಜನ ಹಾಗೇ ಮಾಡುತ್ತಾರೆ ಅಂತ. ಅದು ಸುಳ್ಳಲ್ಲ. ಇಷ್ಟಕ್ಕೇ ಅವರ ಭುಜ ಕೆಳಗಿಳಿಯುವುದು ಕಾಣುತ್ತದೆ.

ಆಮೇಲೆ ಕೈಕನ್ನಡಿ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ತೋರಿಸುತ್ತೇನೆ. ಗಟ್ಟಿಯಾದ ಆ ಕೊಳೆ, ಅಂದರೆ ಪಾಚಿ, ಅಲ್ಲೇ ಎದ್ದು ಕಾಣುವುದು. ‘ಕೆನ್ ಯು ಸೀ ದಿಸ್ ಯೆಲ್ಲೋ ಲೈನ್? ದಟ್ಸ್ ಟಾರ್ಟರ್. ಎ ಬ್ರಶ್ ಕಾಂಟ್ ಟೇಕ್ ಇಟ್ ಆಫ್. ಇಟ್ಸ್ ವೈ ಯುವರ್ ಗಮ್ಸ್ ಆರ್ ಬ್ಲೀಡಿಂಗ್.’ ಈ ನಾಲ್ಕು ವಾಕ್ಯಗಳಲ್ಲಿ ಮನುಷ್ಯನ ತಪ್ಪು ಎಲ್ಲೂ ಬಂದಿಲ್ಲ. ಬೊಟ್ಟು ಇರುವುದು ಪಾಚಿಯ ಕಡೆಗೆ. ಈಗ ನಾವಿಬ್ಬರೂ ಒಂದು ಕಡೆ, ಪಾಚಿ ಇನ್ನೊಂದು ಕಡೆ. ಆಗ ಸಲಹೆ: ‘ಐಡ್ ರೆಕಮೆಂಡ್ ಹ್ಯಾವಿಂಗ್ ಇಟ್ ಕ್ಲೀನ್ಡ್. ಹೌ ಡಸ್ ದಟ್ ಸೌಂಡ್?’ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನಾವು ಕನ್ನಡದಲ್ಲಿ ‘ಏನಂತೀರಿ?’ ಅನ್ನುತ್ತೇವಲ್ಲ, ಅದೇ ಅದು.

ಇಲ್ಲಿ ಅವರು ಕೇಳುವ ಪ್ರಶ್ನೆ ನಿಮಗೂ ಗೊತ್ತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ, ಹೌದಾ? ಹಳ್ಳಿಯವರು ಮಾತ್ರ ಹೀಗೆ ಕೇಳುತ್ತಾರೆ ಅಂದುಕೊಳ್ಳಬೇಡಿ, ಐಟಿ ಕಂಪನಿಯ ಮ್ಯಾನೇಜರ್ ಕೂಡ ಕೇಳುತ್ತಾರೆ. ‘ನೋ, ದಟ್ಸ್ ರಾಂಗ್’ ಅಂದರೆ ಮಾತು ಮುರಿಯುತ್ತದೆ. ‘ಐ ಹಿಯರ್ ದಟ್ ಎ ಲಾಟ್’ ಅಂತ ಶುರು ಮಾಡಿ. ಕಾರಣ ಹೇಳಿ: ಮೂಳೆ ಕರಗಿ ಹಲ್ಲು ಆಗಲೇ ಸಡಿಲ ಆಗಿದ್ದರೆ, ನಡುವೆ ತುಂಬಿಕೊಂಡ ಪಾಚಿ ಅದನ್ನು ಅಲ್ಲಾಡದ ಹಾಗೆ ಹಿಡಿದಿರುತ್ತದೆ. ಪಾಚಿ ಹೋದಾಗ ಇದ್ದ ಸಡಿಲತೆ ಗೊತ್ತಾಗುತ್ತದೆ. ಸ್ಕೇಲಿಂಗ್‌ನಿಂದ ಅದು ಬಂದದ್ದಲ್ಲ. ಇಂಗ್ಲಿಷ್‌ನಲ್ಲಿ ‘ದ ಕ್ಲೀನಿಂಗ್ ಡಸಂಟ್ ಲೂಸನ್ ದೆಮ್. ಇಟ್ ಟೇಕ್ಸ್ ಅವೇ ವಾಟ್ ವಾಸ್ ಹೈಡಿಂಗ್ ದ ಪ್ರಾಬ್ಲಮ್’ ಅಂದರೆ ಆಯಿತು. ಮುಂದೆ ಆಗುವುದನ್ನೂ ಮೊದಲೇ ತಿಳಿಸಿ. ‘ಯುವರ್ ಟೀತ್ ಮೇ ಫೀಲ್ ಸೆನ್ಸಿಟಿವ್ ಫಾರ್ ಎ ಫ್ಯೂ ಡೇಸ್.’ ಕೆಲವು ದಿನ ಜುಂ ಅನ್ನಬಹುದು ಅಂತ. ಇದನ್ನು ಮೊದಲೇ ಹೇಳಿದರೆ ಅದು ಮಾಹಿತಿ. ಆಮೇಲೆ ಹೇಳಿದರೆ ಅವರಿಗೆ ಸಬೂಬಿನ ಹಾಗೆ ಕೇಳುತ್ತದೆ.

‘ಯುವರ್ ಟೀತ್ ವಿಲ್ ಫಾಲ್’ ಅಂದಿರಲ್ಲ, ಅದು ವೈದ್ಯರ ಮಾತಾಗಿಯೂ ಸರಿಯಲ್ಲ. ರಕ್ತ ಬರುವ ಎಲ್ಲರ ಹಲ್ಲೂ ಬೀಳುವುದಿಲ್ಲ. ಬರೀ ಒಸಡಿನ ಊತ ಇದ್ದವರಿಗೆ ಚೆನ್ನಾಗಿ ಕ್ಲೀನ್ ಮಾಡಿ, ಮನೆಯಲ್ಲೂ ಸರಿಯಾಗಿ ಬ್ರಶ್ ಮಾಡಿದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ‘ವಿಲ್’ ಬದಲು ‘ಕೆನ್’. ‘ಇಫ್ ವಿ ಲೀವ್ ಇಟ್, ದ ಟೀತ್ ಕೆನ್ ಗೆಟ್ ಲೂಸ್ ಓವರ್ ಟೈಮ್.’ ಹಾಗೇ ಬಿಟ್ಟರೆ ಹೋಗ್ತಾ ಹೋಗ್ತಾ ಸಡಿಲ ಆಗಬಹುದು. ಹೆದರಿಸಿ ಚಿಕಿತ್ಸೆಗೆ ಒಪ್ಪಿಸಿದ ಪೇಷಂಟ್‌ಗಳು ಎರಡನೇ ಸಲ ಬರುವುದು ಅಪರೂಪ ಅನ್ನುವುದು ನನ್ನ ಅನುಭವ.

ಇಷ್ಟು ಓದಿ ಎಲ್ಲವನ್ನೂ ಮೆತ್ತಗೆ ಹೇಳಲು ಹೊರಡಬೇಡಿ. ಅದರ ಅಪಾಯ ನನಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಇರಬೇಕು. ಕೆಳ ದವಡೆಯ ಹಲ್ಲು ಕಿತ್ತ ಮೇಲೆ ಒಬ್ಬರಿಗೆ ‘ಯು ಮೈಟ್ ವಾಂಟ್ ಟು ಅವಾಯ್ಡ್ ಸ್ಮೋಕಿಂಗ್’ ಅಂದೆ. ಆಗಷ್ಟೇ ಕಲಿತಿದ್ದ ನಯವಾದ ಮಾತು. ಅವರಿಗೆ ಅದು ‘ಇಷ್ಟ ಇದ್ದರೆ ಬಿಡಿ’ ಅಂತ ಕೇಳಿಸಿದೆ. ಸಂಜೆಯೇ ಸಿಗರೇಟ್ ಸೇದಿದ್ದಾರೆ. ಮೂರನೇ ದಿನ ಕಿವಿಯ ತನಕ ನೋವು ಅಂತ ಕೆನ್ನೆ ಹಿಡಿದುಕೊಂಡು ಬಂದರು. ಗುಳಿಯಲ್ಲಿ ರಕ್ತದ ಹೆಪ್ಪು ಇರಲಿಲ್ಲ, ಮೂಳೆ ಕಾಣುತ್ತಿತ್ತು. ಡ್ರೈ ಸಾಕೆಟ್. ಅವರು ನರಳಿದ್ದು ಈಗಲೂ ನೆನಪಿದೆ. ಸ್ಪಷ್ಟವಾಗಿ ಹೇಳಬೇಕಿದ್ದ ಮಾತನ್ನು ನಾನು ಬೆಣ್ಣೆ ಹಚ್ಚಿ ಹೇಳಿದ್ದೆ.

ಹಾಗಾಗಿ ಮಾತಿಗೆ ಎರಡು ಜಾಗ ಇಟ್ಟುಕೊಳ್ಳಿ. ಪೇಷಂಟ್ ತೀರ್ಮಾನ ಮಾಡಬಹುದಾದ ಕಡೆ, ಅಂದರೆ ಯಾವ ಚಿಕಿತ್ಸೆ, ಯಾವಾಗ, ಯಾವ ಬ್ರಶ್, ಅಲ್ಲಿ ‘ಐಡ್ ರೆಕಮೆಂಡ್’, ‘ಯು ಕುಡ್’. ತಪ್ಪಿದರೆ ಇವತ್ತೇ ತೊಂದರೆ ಆಗುವ ಕಡೆ ನೇರವಾದ, ಗಿಡ್ಡ ವಾಕ್ಯ. ‘ಬೈಟ್ ಆನ್ ದಿಸ್ ಗಾಜ್ ಫಾರ್ ಹಾಫ್ ಆನ್ ಅವರ್. ಡೋಂಟ್ ಸ್ಪಿಟ್ ಆರ್ ರಿನ್ಸ್ ಟುಡೇ. ನೋ ಸ್ಮೋಕಿಂಗ್. ಡೋಂಟ್ ಯೂಸ್ ಎ ಸ್ಟ್ರಾ. ಫ್ರಮ್ ಟುಮಾರೋ, ರಿನ್ಸ್ ಜೆಂಟ್ಲಿ ವಿತ್ ವಾರ್ಮ್ ಸಾಲ್ಟ್ ವಾಟರ್.’ ಇಲ್ಲಿ ಯಾವ ತಲೆಯೂ ಬೇಡ, ಒಂದು ‘ಪ್ಲೀಸ್’ ಸಾಕು. ಇದು ಒರಟಲ್ಲ. ಅಡುಗೆ ಹೇಳಿಕೊಡುವಾಗ ‘ಉಪ್ಪು ಹಾಕು, ಮುಚ್ಚಿಡು’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲವಲ್ಲ, ಹಾಗೆ. ಕೊನೆಗೆ ಕಾರಣ ಸೇರಿಸಿ: ‘ವಿ ವಾಂಟ್ ದ ಕ್ಲಾಟ್ ಟು ಸ್ಟೇ ಇನ್ ಪ್ಲೇಸ್, ಸೋ ಇಟ್ ಹೀಲ್ಸ್ ವೆಲ್.’ ಹೆಪ್ಪು ಅಲ್ಲೇ ಉಳಿದರೆ ಗಾಯ ಬೇಗ ಮಾಗುತ್ತದೆ ಅಂತ. ಕಾರಣ ಗೊತ್ತಿದ್ದವರು ಮಾತು ಕೇಳುವುದು ಜಾಸ್ತಿ.

ಹೇಳಿದ್ದು ತಲುಪಿತೋ ಇಲ್ಲವೋ ನೋಡಲು ‘ಅಂಡರ್‌ಸ್ಟುಡ್?’ ಅಂತ ಕೇಳಬೇಡಿ. ಮೇಷ್ಟ್ರು ಕೇಳಿದ ಹಾಗಿರುತ್ತದೆ, ಎಲ್ಲರೂ ತಲೆ ಆಡಿಸಿಬಿಡುತ್ತಾರೆ. ‘ಐ ವಾಂಟ್ ಟು ಮೇಕ್ ಶೂರ್ ಐ ಎಕ್ಸ್‌ಪ್ಲೇನ್ಡ್ ಇಟ್ ಕ್ಲಿಯರ್ಲಿ. ವಾಟ್ ವಿಲ್ ಯು ಡೂ ದಿಸ್ ಈವನಿಂಗ್?’ ಅನ್ನಿ. ಪರೀಕ್ಷೆ ನಡೆಯುತ್ತಿರುವುದು ನಿಮ್ಮ ವಿವರಣೆಗೆ, ಅವರ ಬುದ್ಧಿಗಲ್ಲ. ಇದಕ್ಕೆ ಟೀಚ್ ಬ್ಯಾಕ್ ಅನ್ನುತ್ತಾರೆ. ಅರಿವಳಿಕೆ ಇಳಿಯದೆ ಬಾಯಿ ದಪ್ಪಗಿರುವವರಿಂದ ಹೇಳಿಸುವುದು ಕಷ್ಟ. ಅವರಿಗೆ ಬರೆದುಕೊಟ್ಟು, ಜೊತೆಗೆ ಬಂದವರಿಂದ ಹೇಳಿಸಿ.

ಪದಗಳ ವಿಷಯದಲ್ಲೂ ಒಂದು ತಪ್ಪು ನಂಬಿಕೆ ಇದೆ. ದೊಡ್ಡ ಪದ ಹೇಳಿದರೆ ಡಾಕ್ಟರ್‌ಗೆ ಮರ್ಯಾದೆ ಅಂತ. ನಾವು ಕನ್ನಡದಲ್ಲಿ ಹುಳುಕು ಹಲ್ಲು, ಪಾಚಿ, ಸಿಮೆಂಟ್, ಕ್ಯಾಪ್ ಅಂತ ಹೇಳುತ್ತೇವೆ. ಇಂಗ್ಲಿಷ್‌ಗೆ ಹೋದ ಕೂಡಲೇ ಕೇರೀಸ್, ಕ್ಯಾಲ್ಕ್ಯುಲಸ್, ಎಕ್ಸ್‌ಟ್ರ್ಯಾಕ್ಷನ್ ಅಂತ ಪಠ್ಯಪುಸ್ತಕ ತೆರೆಯುತ್ತೇವೆ. ನಾವು ಇಂಗ್ಲಿಷ್ ಕಲಿತದ್ದೇ ಆ ಪುಸ್ತಕಗಳಿಂದ, ಅದಕ್ಕೇ ಹೀಗಾಗುತ್ತದೆ. ಪೇಷಂಟ್‌ಗೆ ಕ್ಯಾಲ್ಕ್ಯುಲಸ್ ಅಂದರೆ ಪಿಯುಸಿ ಲೆಕ್ಕ. ‘ಯುವರ್ ಟೂತ್ ಈಸ್ ಮೊಬೈಲ್’ ಅಂದರೆ ಅರ್ಥವೇ ಆಗುವುದಿಲ್ಲ. ಕ್ಯಾವಿಟಿ, ಟಾರ್ಟರ್, ಲೂಸ್, ಟೇಕ್ ಔಟ್, ನಮ್ (ಮರಗಟ್ಟಿದ್ದು), ಇವೇ ಅವರ ಮನೆಯ ಮಾತುಗಳು. ಇಂಜೆಕ್ಷನ್ ಮುಂಚೆ ‘ಇಟ್ ವಿಲ್ ಪೇನ್’ ಅನ್ನುವ ಬದಲು ‘ಯು ಮೇ ಫೀಲ್ ಎ ಸ್ಮಾಲ್ ಪಿಂಚ್’ ಅನ್ನಿ. ಹಲ್ಲು ಕೀಳುವಾಗ ‘ಯು ವಿಲ್ ಫೀಲ್ ಪುಶಿಂಗ್. ಇಫ್ ಇಟ್ ಫೀಲ್ಸ್ ಶಾರ್ಪ್, ರೇಸ್ ಯುವರ್ ಹ್ಯಾಂಡ್’ ಅಂದರೆ ಅವರ ಕೈಯಲ್ಲಿ ಒಂದು ಹಿಡಿತ ಕೊಟ್ಟ ಹಾಗೆ. ಕೈ ಎತ್ತಿದರೆ ನಿಲ್ಲಿಸಬೇಕು, ಅದು ಮುಖ್ಯ.

ಪುಟ್ಟ ಮಕ್ಕಳಿಗೆ ಇನ್ನೂ ಸರಳ. ಹೇಳು, ತೋರಿಸು, ಆಮೇಲೆ ಮಾಡು ಅನ್ನುವ ಕ್ರಮವನ್ನು ಕಾಲೇಜಿನಲ್ಲಿ ಓದಿರುತ್ತೀರಿ. ಆಡಲ್‌ಸ್ಟನ್ ಅನ್ನುವವರು 1959ರಲ್ಲಿ ಬರೆದದ್ದು, ಇವತ್ತಿಗೂ ನಡೆಯುತ್ತಿದೆ. ಅಮ್ಮಂದಿರಿಗೆ ಪೇಸ್ಟ್ ಅಳತೆ ಹೇಳುವಾಗ ‘ಸ್ಮಾಲ್ ಕ್ವಾಂಟಿಟಿ’ ಅನ್ನಬೇಡಿ. ಮೂರು ವರ್ಷದೊಳಗಿನವರಿಗೆ ‘ಎ ಗ್ರೇನ್ ಆಫ್ ರೈಸ್’, ಮೂರರಿಂದ ಆರರವರೆಗೆ ‘ಎ ಪೀ’. ಅಕ್ಕಿಕಾಳು, ಬಟಾಣಿ ಯಾವ ಭಾಷೆಯಲ್ಲೂ ಕಣ್ಣಿಗೆ ಕಟ್ಟುತ್ತದೆ.

ಗುಟ್ಕಾ, ಸಿಗರೇಟ್ ವಿಷಯ ಎತ್ತುವ ಮೊದಲು ಒಪ್ಪಿಗೆ ಕೇಳಿ. ‘ವುಡ್ ಇಟ್ ಬಿ ಓಕೆ ಇಫ್ ವಿ ಟಾಕ್ಡ್ ಅಬೌಟ್ ಟೊಬ್ಯಾಕೊ?’ ಹೆಂಡತಿ ಮಕ್ಕಳ ಎದುರು ಕೇಳಬೇಡಿ. ಆದರೆ ಬಾಯಿ ಪೂರ್ತಿ ತೆರೆಯಲಾಗದೆ ಬಂದವರು, ಬಿಳಿ ಅಥವಾ ಕೆಂಪು ಮಚ್ಚೆ ಇರುವವರು, ಎರಡು ವಾರ ದಾಟಿದರೂ ಮಾಯದ ಹುಣ್ಣಿನವರು ಬಂದರೆ ನಯ ಮಾಡಲು ಹೋಗಿ ಅರ್ಥ ತಪ್ಪಿಹೋಗದ ಹಾಗೆ ನೋಡಿಕೊಳ್ಳಿ. ‘ದಿಸ್ ನೀಡ್ಸ್ ಟು ಬಿ ಚೆಕ್ಡ್ ಬೈ ಎ ಸ್ಪೆಷಲಿಸ್ಟ್ ದಿಸ್ ವೀಕ್.’ ಇಷ್ಟೇ, ಮತ್ತು ಅವರ ಎದುರೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಹಾಕಿಸಿ.

ಉಚ್ಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷಿನವರ ಹಾಗೆ ಮಾತಾಡಲು ದುಡ್ಡು ಕೊಟ್ಟು ಕ್ಲಾಸಿಗೆ ಹೋಗುವುದು ಬೇಡ. ನೀವು ಕೇಳಿದ ಒಇಟಿಯ ಮಾತಿನ ಪರೀಕ್ಷೆಯಲ್ಲೂ ನೋಡುವುದು ಮಾತು ಅರ್ಥವಾಗುತ್ತದಾ ಅಂತ, ನಮ್ಮ ನುಡಿಯ ಸೊಗಡು ಇದೆಯಾ ಅಂತ ಅಲ್ಲ. ಅದರಲ್ಲಿ ಎರಡು ರೋಲ್ ಪ್ಲೇ ಇರುತ್ತವೆ. ಒಂದೊಂದೂ ಸುಮಾರು 5 ನಿಮಿಷ, ಮೊದಲು 3 ನಿಮಿಷ ತಯಾರಿಗೆ. ಪೇಷಂಟ್ ಮನಸ್ಸಲ್ಲಿ ಏನಿದೆ ಅಂತ ಕೇಳಿದಿರಾ, ಅವರ ಮಾತನ್ನು ಹಿಡಿದು ಸಲಹೆ ಕೊಟ್ಟಿರಾ ಅನ್ನುವುದಕ್ಕೂ ಅಂಕ ಇದೆ. ಮೇಲೆ ಹೇಳಿದ ಒಸಡಿನ ಮಾತುಕತೆ ಆ ಪರೀಕ್ಷೆಗೂ ಒಳ್ಳೆಯ ಅಭ್ಯಾಸ. ಉಚ್ಚಾರದಲ್ಲಿ ನಿಜವಾಗಿ ಅಪಾಯ ಇರುವುದು ಅಂಕಿಗಳಲ್ಲಿ. ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳಿಸುತ್ತವೆ. ಮಾತ್ರೆ, ನಿಮಿಷ, ರೂಪಾಯಿ ಹೇಳುವಾಗ ‘ವನ್ ಫೈವ್, ಫಿಫ್ಟೀನ್’ ಅಂತ ಬಿಡಿಸಿ ಹೇಳಿ, ಬರೆದು ತೋರಿಸಿ. ಮೊದಲ ಹದಿನೈದು ದಿನ ನಿಧಾನಕ್ಕೆ ಮಾತಾಡಿದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಬಾಯಿಪಾಠ? ಪೂರ್ತಿ ವಾಕ್ಯ ಬೇಡ. ನೀವು ಕಲಿತ ವಾಕ್ಯಕ್ಕೆ ಪೇಷಂಟ್ ಪುಸ್ತಕದಲ್ಲಿದ್ದ ಉತ್ತರ ಕೊಡುವುದಿಲ್ಲ, ಅಲ್ಲಿಗೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ತಲೆಗಳನ್ನು ಮಾತ್ರ ಬಾಯಿಪಾಠ ಮಾಡಿ. ಎಂಟು ಹತ್ತು ಸಾಕು. ಮುಂದಿನದನ್ನು ಎದುರಿಗಿರುವ ಹಲ್ಲು ನೋಡಿ ನೀವೇ ಸೇರಿಸಿ. ನಾನು ಕಲಿಸುವವರಿಗೆ ಕೊಡುವ ಅಭ್ಯಾಸ ಹೀಗಿದೆ. ದಿನಾ ಸಂಜೆ, ಅವತ್ತು ಕನ್ನಡದಲ್ಲಿ ಒಬ್ಬರಿಗೆ ಹೇಳಿದ ಸಲಹೆಯನ್ನು ಹೇಳಿದ ಹಾಗೇ ಒಂದು ನೋಟ್ ಬುಕ್ಕಿನಲ್ಲಿ ಬರೆಯಿರಿ. ‘ರಿ’, ‘ಸ್ವಲ್ಪ’, ‘ಅನ್ಸುತ್ತೆ’, ‘ಬಿಡಿ’, ‘ನೋಡೋಣ’ ಇವಕ್ಕೆ ಗೆರೆ ಎಳೆಯಿರಿ. ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಗೆರೆ ಎಳೆದ ಒಂದೊಂದಕ್ಕೂ ಆ ಕಡೆ ಏನಾದರೂ ಸಿಕ್ಕಿತಾ ಅಂತ ಕೇಳಿ ನೋಡಿ. ಮೂರು ವಾರ ಮಾಡಿದವರು ಬದಲಾದದ್ದನ್ನು ನಾನೇ ಕಂಡಿದ್ದೇನೆ.

ಪದ ಮರೆತರೆ ನಿಲ್ಲಿಸಿ, ‘ಲೆಟ್ ಮಿ ಶೋ ಯು’ ಅನ್ನಿ. ಮೇಜಿನ ಮೇಲೆ ಹಲ್ಲಿನ ಮಾಡೆಲ್ ಇರುತ್ತದೆ, ಎಕ್ಸ್‌ರೇ ಇರುತ್ತದೆ, ಪೆನ್ನು ಕಾಗದ ಇರುತ್ತದೆ. ರೂಟ್ ಕೆನಾಲ್ ಅಂದರೆ ಏನು ಅಂತ ಒಂದು ಚಿತ್ರ ಬರೆದು ಹೇಳಿದರೆ, ಇಂಗ್ಲಿಷ್ ಚೆನ್ನಾಗಿ ಬರುವ ಡಾಕ್ಟರ್‌ಗಳ ವಿವರಣೆಗಿಂತ ಅದೇ ಚೆನ್ನಾಗಿ ತಲುಪುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸಿತು. ನಿಮ್ಮ ಕ್ಲಿನಿಕ್‌ಗೆ ಇಂಗ್ಲಿಷ್‌ನಲ್ಲಿ ಮಾತಾಡುವ ಮಗ, ಹಾಸನದಿಂದಲೋ ಶಿವಮೊಗ್ಗದಿಂದಲೋ ಬಂದ ತಾಯಿಯನ್ನು ಕರೆದುಕೊಂಡು ಬರುತ್ತಾರೆ. ಕುರ್ಚಿಯಲ್ಲಿ ಕೂತಿರುವವರು ತಾಯಿ. ಅವರ ತಲೆಯ ಮೇಲಿಂದ ಮಗನ ಜೊತೆ ಇಂಗ್ಲಿಷ್‌ನಲ್ಲಿ ಮಾತು ಸಾಗಿಸಬೇಡಿ. ‘ಅಮ್ಮಾ, ಯಾವ ಕಡೆ ನೋವು?’ ಅಂತ ಅವರನ್ನೇ ಕೇಳಿ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆ ಅನ್ನುವ ಭಯ ಅವರಿಗಿರುತ್ತದೆ, ಮಗನಿಗೆ ಹೇಳಿರುವುದಿಲ್ಲ. ಹಲ್ಲಿನ ನರ ಬೇರೆ, ಕಣ್ಣಿನ ದೃಷ್ಟಿಯ ನರ ಬೇರೆ ಅಂತ ನೀವು ಕನ್ನಡದಲ್ಲಿ ಹೇಳಿದಾಗ ಅವರಿಗಾಗುವ ಸಮಾಧಾನ ಅಲ್ಲಿ ಇರುವ ಬೇರೆ ಯಾರಿಂದಲೂ ಆಗದ ಕೆಲಸ.

ಆ ಎದ್ದು ಹೋದವರ ಒಸಡಿಗೆ ಚಿಕಿತ್ಸೆ ಇನ್ನೂ ಬಾಕಿ ಇದೆ. ಅವರ ನಂಬರ್ ಕ್ಲಿನಿಕ್‌ನಲ್ಲಿ ಇರುತ್ತದೆ. ರಿಸೆಪ್ಷನ್‌ನವರಿಂದ ಬೇಡ, ಸೀನಿಯರ್ ಡಾಕ್ಟರ್‌ಗೆ ಒಂದು ಮಾತು ತಿಳಿಸಿ ನೀವೇ ಫೋನ್ ಮಾಡಿ. ‘ಐ ಥಿಂಕ್ ಐ ಸೌಂಡೆಡ್ ಹಾರ್ಶ್ ದಟ್ ಡೇ, ಅಂಡ್ ಐಮ್ ಸಾರಿ. ಯುವರ್ ಗಮ್ಸ್ ಡೂ ನೀಡ್ ಕೇರ್. ಐಡ್ ಲೈಕ್ ಟು ಎಕ್ಸ್‌ಪ್ಲೇನ್ ಇಟ್ ಅಗೈನ್, ಇಫ್ ಯು ಹ್ಯಾವ್ ಟೈಮ್ ದಿಸ್ ವೀಕ್.’ ನಿಮ್ಮ ಹತ್ತಿರ ಬರಲು ಇಷ್ಟ ಇಲ್ಲ ಅಂದರೆ ಬೇರೆ ಡಾಕ್ಟರ್ ಹತ್ತಿರ ಟೈಮ್ ಹಾಕಿಕೊಡಿ. ಬಂದರೆ, ಏನೂ ಹೇಳುವ ಮೊದಲು ಕೈಕನ್ನಡಿ ಅವರ ಕೈಗೆ ಕೊಡಿ.